ನಲವತ್ತೆಂಟು ದಿನದ ಬಸ್ಕಿ

ಮೊನ್ನೆ ಪಕ್ಕದ ಮನೆಯಲ್ಲಿ ಯಾರಿಗೋ ಮಂಡಿನೋವೆಂದು ಎಳ್ಳೆಣ್ಣೆಗೆ ಕರ್ಪೂರ ಹಾಕಿ ಕಾಯಿಸುತ್ತಿದ್ದರು. ಆ ವಾಸನೆಗೆ ಹಿಂದೂಪುರದ ನಮ್ಮ ಎದುರು ಮನೆಯ ಡ್ರಿಲ್ ಮೇಷ್ಟ್ರು ನೆನಪಾದರು. ನೆನಪಾಗದಿದ್ದರೇ ಚೆನ್ನಾಗಿತ್ತು...

ಎರಡು ಸಾವಿರದ ಐದೋ ಆರೋ ಇರಬೇಕು. ನನ್ನ ತಮ್ಮ ಆಗ ನಮ್ಮಲ್ಲೇ ಇದ್ದ. ಗರಡಿಯಲ್ಲಿ ಸಾಮು ಮಾಡಿದ ಮೈ. ಆಮೇಲೆ ರಸ್ತೆ ಸೈಕಲ್ಲಿನ ಹುಚ್ಚು ಹಿಡಿಯಿತು. ಕಲ್ಯಾಣದುರ್ಗದ ಪಂದ್ಯದಲ್ಲಿ ಗೆದ್ದರೆ ಜಿಲ್ಲೆಯ ತಂಡಕ್ಕೆ ಸೇರಬಹುದಿತ್ತು. ಅವನ ವಯಸ್ಸಿಗೆ ಅದೇ ಕಡೆಯ ಅವಕಾಶ. ಮೇಷ್ಟ್ರು ತಾವಾಗಿಯೇ ಬಂದು ಅಭ್ಯಾಸ ಮಾಡಿಸಿದರು.

"ತುಳಿಯೋದೇ ಒಂದು ಬಸ್ಕಿ ಕಣ್ಲಾ. ಸೈಕಲ್ ಜಾಸ್ತಿ ಆದಂಗೆ ಬಸ್ಕಿ ಬಿಡ್ಬೇಕು. ಎರಡೂ ಮಾಡಿದ್ರೆ ಮಂಡಿ ಹೋಯ್ತದೆ."

ಸೈಕಲ್ಲಿಂದ ಇಳಿದ ಮೇಲೆ, ಮೈ ಬಿಸಿಯಿರುವಾಗಲೇ, ತೊಡೆ, ಮೀನಖಂಡಗಳನ್ನು ಮೆಲ್ಲಗೆ ಎಳೆದು ಸಡಿಲಿಸಬೇಕೆಂದು ನಮ್ಮ ಜಗಲಿಯ ಮೇಲೆ ಚಾಪೆ ಹಾಸಿ ತೋರಿಸುತ್ತಿದ್ದರು. ಗರಡಿಯವನಿಗೆ ನಾಚಿಕೆ.

"ಬೆಕ್ಕಿನಂಗೆ ಮೈ ಮುರೀಬೇಕಾ ಸಾರ್?"

"ಬೆಕ್ಕಿನಂಗೆ ಗೋಡೆ ಹಾರು ನೋಡಾನ, ಆಮೇಲೆ ನಗು. ನಿದಾನಂಗಾ..."

ಅಷ್ಟರಲ್ಲಿ ನಾನು ಆಂಜನೇಯನಿಗೆ ಹರಕೆ ಹೊತ್ತಾಗಿತ್ತು. ಪಂದ್ಯದ ದಿನಕ್ಕೆ ಮಂಡಲ ಮುಗಿಯುವಂತೆ ನಲವತ್ತೆಂಟು ದಿನ, ದಿನಕ್ಕೆ ನೂರೆಂಟು ಬಸ್ಕಿ. ಹರಕೆ ನನ್ನದು, ಕಾಲು ಅವನದು.

"ಮೇಷ್ಟ್ರು ಬ್ಯಾಡ ಅಂದವ್ರೆ ಅಕ್ಕ."

"ದೇವ್ರಿಗೆ ಕೊಟ್ಟ ಮಾತ್ನ ಅರ್ಧಕ್ಕೆ ಬಿಡ್ತಾರೇನಪ್ಪ? ಅವರಿಗೆ ಹೇಳ್ಬ್ಯಾಡ, ಮುಗೀತು."

ನೋವೆಂದಾಗ ಕರ್ಪೂರದೆಣ್ಣೆ ತಿಕ್ಕಿದೆ. ಪಂದ್ಯದ ಬೆಳಿಗ್ಗೆ ಕಲ್ಯಾಣದುರ್ಗದ ಗುಡಿಯಲ್ಲೇ ಕಡೆಯ ನೂರೆಂಟನ್ನೂ ಹೊಡೆಸಿದೆ. ಅರ್ಧ ದಾರಿಯ ಏರಿನಲ್ಲಿ ಮಂಡಿ ಹಿಡಿದುಕೊಂಡು ಕೂತನಂತೆ. ಜೀಪಿನಲ್ಲಿ ವಾಪಸ್ಸು ತಂದರು. ಮತ್ತೆ ಅವನು ಸೈಕಲ್ ಹತ್ತಲಿಲ್ಲ.

ಮಾರನೆಯ ಸಂಜೆ ಮೇಷ್ಟ್ರು ಬಂದರು. ಕೂರಲಿಲ್ಲ.

"ನಿಜ ಹೇಳಮ್ಮ, ಬಸ್ಕಿ ಬಿಟ್ಟಿದ್ನಾ?"

ದೇವರ ಮುಂದೆ ಆಗಷ್ಟೇ ದೀಪ ಹಚ್ಚಿದ್ದೆ. "ನೀವು ಹೇಳಿದವತ್ತೇ ಬಿಟ್ಟಿದ್ದ ಸಾರ್" ಎಂದೆ. ಒಳಗೆ ಮಲಗಿದ್ದ ತಮ್ಮ ಗೋಡೆಯ ಕಡೆಗೆ ಹೊರಳಿದ.

ಮೇಷ್ಟ್ರು ಜಗಲಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡರು. "ಹಂಗಾದ್ರೆ ನಂದೇ ತಪ್ಪು ಕಣಮ್ಮ. ನಾನೇ ಜಾಸ್ತಿ ಎಳೆಸ್ಬುಟ್ಟೆ."

ಆಮೇಲೆ ಅವರು ಯಾರಿಗೂ ಅಭ್ಯಾಸ ಮಾಡಿಸಲಿಲ್ಲ. ಮಾಡಿಸುತ್ತೇನೆಂದರೂ ನಮ್ಮ ಬೀದಿಯಲ್ಲಿ ಯಾರೂ ಮಕ್ಕಳನ್ನು ಕಳಿಸುತ್ತಿರಲಿಲ್ಲವೆನ್ನಿ. ಎದುರುಬದುರು ಮನೆ, ನಾನು ರಂಗೋಲಿ ಹಾಕುವ ಹೊತ್ತಿಗೆ ಅವರ ಬಾಗಿಲು ಮುಚ್ಚಿರುತ್ತಿತ್ತು. ನಿವೃತ್ತಿಯಾದ ಮೇಲೆ ಕಲ್ಯಾಣದುರ್ಗದ ಮಗಳ ಮನೆಗೆ ಹೋದರು. ಅಲ್ಲೇ ತೀರಿಕೊಂಡರೆಂದು ಬಸ್ಸಿನಲ್ಲಿ ಯಾರೋ ಹೇಳಿದರು. ನಿಜ ಹೇಳಿಕೊಳ್ಳಲು ಇದ್ದವರು ಅವರೊಬ್ಬರೇ...

ದೇವರ ದಯೆ, ತಮ್ಮ ನಡೆಯುತ್ತಾನೆ. ಕಾಲು ಸ್ವಲ್ಪ ಎಳೆದರೂ ಮೆಟ್ಟಿಲು ಹತ್ತುತ್ತಾನೆ. ಅಷ್ಟಕ್ಕೇ ದಿನವೂ ಕೈ ಮುಗಿಯುತ್ತೇನೆ. ಆದರೆ ನನ್ನ ಸುಳ್ಳು ಅವನಿಗೀಗ ನಿಜವೇ ಆಗಿಬಿಟ್ಟಿದೆ. ಹೋದ ಭಾನುವಾರ ಊಟಕ್ಕೆ ಕೂತು ಮಗಳಿಗೆ ಹೇಳುತ್ತಿದ್ದ:

"ಒಬ್ಬ ಮೇಷ್ಟ್ರಿದ್ದ, ಎಳೆದೆಳೆದು ನನ್ನ ಕಾಲು ಹಾಳು ಮಾಡ್ಬುಟ್ಟ."

"ಹೌದಾ ಅತ್ತೆ?" ಎಂದು ಅವಳು ನನ್ನ ಮುಖ ನೋಡಿದಳು.

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.