ಕೊಪ್ಪರಿಗೆಯ ಹಿಡಿಕೆಗೆ ಕಟ್ಟಿದ್ದ ಚಿಂದಿ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನನ್ನನ್ನು ಆಹಾರ ಸುರಕ್ಷತಾ ಅಧಿಕಾರಿಯಾಗಿ ಬೀದರಿಗೆ ಹಾಕಿದರು. ಭಾಲ್ಕಿ ಮತ್ತು ಔರಾದ ತಾಲೂಕುಗಳ ಹೆಚ್ಚುವರಿ ಹೊಣೆಯೂ ನನ್ನ ಮೇಲಿತ್ತು. ಹೋಟೆಲು, ಕಿರಾಣಿ ಅಂಗಡಿ, ಎಣ್ಣೆ ಗಾಣಗಳನ್ನು ತಪಾಸಣೆ ಮಾಡುವುದು, ಅನುಮಾನ ಬಂದ ಪದಾರ್ಥದ ಸ್ಯಾಂಪಲ್ ತೆಗೆದು ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸುವುದು ದಿನದ ಕೆಲಸ. ಎಲ್ಲಾದರೂ ಊಟ ಮಾಡಿದ ಜನ ಕಾಯಿಲೆ ಬಿದ್ದರೆ ಹೋಗಿ ಕಾರಣ ಹುಡುಕಬೇಕು. ಅಂಥ ಒಂದು ಪ್ರಕರಣ ಇದು. ಕಾರಣ ಸಿಕ್ಕಿತು. ಸಿಕ್ಕಿದ್ದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಊರು ಔರಾದ ತಾಲೂಕಿನದು. ಅದರ ಹೆಸರು ಬಿಟ್ಟಿದ್ದೇನೆ, ಜನರ ಹೆಸರು ಬದಲಿಸಿದ್ದೇನೆ.

ಬಿಸಿಲು ಏರತೊಡಗಿದ ದಿನಗಳು. ಒಂದು ಭಾನುವಾರ ಮಧ್ಯಾಹ್ನ ಔರಾದಿನ ಆಸ್ಪತ್ರೆಯಿಂದ ಫೋನು ಬಂತು. ಒಂದೇ ಊರಿನ ಜನ ಜೀಪು, ಟಂಟಂ ಆಟೋಗಳಲ್ಲಿ ವಾಂತಿ ಮಾಡುತ್ತ ಬರುತ್ತಿದ್ದಾರೆ, ಗೃಹಪ್ರವೇಶದ ಊಟ ಮಾಡಿದವರಂತೆ ಎಂದರು. ನಾನು ಹೋಗಿ ಮುಟ್ಟುವ ಹೊತ್ತಿಗೆ ವಾರ್ಡು ತುಂಬಿ ವರಾಂಡದಲ್ಲೂ ಚಾಪೆ ಹಾಸಿದ್ದರು. ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದ ಒಬ್ಬನಿಗೆ ಹೆಂಡತಿ ಸೆರಗಿನಿಂದ ಗಾಳಿ ಹಾಕುತ್ತ ಬೈಯುತ್ತಿದ್ದಳು.

“ಪುಂಡಿ ಪಲ್ಯಾ, ಪುಂಡಿ ಪಲ್ಯಾ ಅಂತ ಮೂರು ಸಲ ಹಾಕಿಸ್ಕೊಂಡ್ರಲ್ಲ, ಈಗ ಉಣ್ಣರಿ.”

“ಏ, ಸುಮ್ ಕೂಡ. ಹೊಟ್ಟಿಗಿ ಹೋಗೂ ಮುಂದ ಭಾಳ ರುಚಿ ಇತ್ತು. ತಿರುಗಿ ಬರೂ ಮುಂದ ತ್ರಾಸ ಕೊಟ್ಟದ.”

ಸುತ್ತ ಇದ್ದವರು ನಕ್ಕರು. ಪಕ್ಕದ ಚಾಪೆಯ ಮುದುಕರೊಬ್ಬರು ಮಾತ್ರ ನಗಲಿಲ್ಲ. “ನಗ್ತೀರಿ ಏನು? ಊಟಕ್ಕ ಕರದವರ ಮನಿಯವರು ಒಬ್ಬರರ ಉಂಡಾರೇನು, ಕೇಳ್ರಿ. ನಮಗ ನೀಡಿ ತಾವು ಬಾಯಿ ಕಟ್ಕೊಂಡು ನಿಂತಿದ್ರು” ಎಂದರು.

ಊಟ ಹಾಕಿಸಿದವರು ಮಿಲಿಂದ. ಭಾಲ್ಕಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕರು. ತಲೆಮಾರುಗಳಿಂದ ಇದೇ ಊರಿನ ದಲಿತ ಬೌದ್ಧ ಕುಟುಂಬ. ಆಸ್ಪತ್ರೆಯ ಬಾಗಿಲಲ್ಲಿ ನನಗಾಗಿ ಕಾಯುತ್ತ ನಿಂತಿದ್ದರು. ಹೊಸ ಅಂಗಿಯ ಮೇಲೆ ಯಾರದೋ ವಾಂತಿಯ ಕಲೆ ಇತ್ತು. ಮೊದಲೆಲ್ಲ ಅವರ ಮನೆಯ ಲಗ್ನಕ್ಕೆ ಊರವರು ಬರುತ್ತಿದ್ದರು, ಅಡಿಕೆ ಎಲೆ ತೆಗೆದುಕೊಂಡು ಹೋಗುತ್ತಿದ್ದರು. ಊಟಕ್ಕೆ ಕೂತಿರಲಿಲ್ಲ. ಈ ಸಲ ಮಿಲಿಂದ ಮನೆ ಮನೆಗೆ ಹೋಗಿ ಕೈಮುಗಿದು ಕರೆದಿದ್ದರು. ಊರೇ ಬಂದು ಪಂಕ್ತಿಯಲ್ಲಿ ಕೂತಿತ್ತು.

“ಏನೇ ಸಿಗಲಿ, ಖರೆ ಬರೀರಿ ಸಾಹೇಬ್ರ” ಎಂದರು. “ಊರು ನಮ್ಮ ಮನ್ಯಾಗ ಉಂಡದ್ದು ಇದೇ ಮೊದಲು. ಕಾರಣ ಸಿಗಲಿಲ್ಲ ಅಂದ್ರ ಇದೇ ಕಡೀದು.”

ನಾನು ಚಾಪೆಯಿಂದ ಚಾಪೆಗೆ ಹೋಗಿ ಎಲ್ಲರನ್ನೂ ಎರಡೇ ಪ್ರಶ್ನೆ ಕೇಳಿದೆ: ಏನೇನು ತಿಂದಿರಿ, ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು. ಹೆಚ್ಚಿನವರಿಗೆ ಊಟ ಮಾಡಿ ಎದ್ದ ಅರ್ಧ ಗಂಟೆಯೊಳಗೇ ಹೊಟ್ಟೆ ತೊಳಸಿತ್ತು. ಹಳಸಿದ ಅಡುಗೆಯ ಸೂಕ್ಷ್ಮಾಣುಗಳು ಸಾಮಾನ್ಯವಾಗಿ ಇಷ್ಟು ಅವಸರ ಮಾಡುವುದಿಲ್ಲ, ಅವಕ್ಕೆ ಕೆಲವು ತಾಸು ಬೇಕು. ಇದು ಬೇರೆ ಏನೋ. ಇನ್ನೊಂದು ಸಂಗತಿಯೂ ಕಂಡಿತು. ಮಕ್ಕಳು ಯಾರೂ ಆಸ್ಪತ್ರೆಗೆ ಬಂದಿರಲಿಲ್ಲ. ಹುಳಿ ಎಂದು ಪಲ್ಯ ಬಿಟ್ಟು ಅವರು ಹುಗ್ಗಿ, ಅನ್ನ ಉಂಡಿದ್ದರು. ಕಾಯಿಲೆ ಬಿದ್ದವರೆಲ್ಲ ಪುಂಡಿ ಪಲ್ಯ ತಿಂದವರು.

ಸಂಜೆಗೆ ಮೊದಲೇ ಊರಿಗೆ ಹೋದೆ. ಅಂಗಳದ ಪೆಂಡಾಲಿನಲ್ಲಿ ಎಂಜಲು ಎಲೆ ಹಾಗೇ ಬಿದ್ದಿದ್ದವು. ಅನ್ನ, ಬೇಳೆ, ಹುಗ್ಗಿ ಮಾಡಿದ್ದು ಅವರದೇ ಅಲ್ಯೂಮಿನಿಯಂ ಪಾತ್ರೆಗಳಲ್ಲಿ. ಪಲ್ಯ ಮಾತ್ರ ಒಂದು ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿತ್ತು, ಬೆಳಗಿನಿಂದ ಅದರಲ್ಲೇ ಇತ್ತು. ಸೌಟಿನಿಂದ ಸರಿಸಿ ನೋಡಿದೆ. ಕೊಪ್ಪರಿಗೆಯ ಒಳಮೈ ಹೊರಗಿನ ಅಂಚಿನಷ್ಟೇ ಕೆಂಪಗೆ ಫಳಫಳ ಹೊಳೆಯುತ್ತಿತ್ತು. ಒಣಗಿದ ಅಂಚಿನಲ್ಲಿ ಸೊಪ್ಪಿನದಲ್ಲದ ಒಂದು ಹಸಿರು ಗೆರೆ ಮೂಡಿತ್ತು.

ತಾಮ್ರದ ಪಾತ್ರೆಯ ಒಳಗೆ ತವರದ ಲೇಪ ಇರಬೇಕು. ಅದೇ ಕಲಾಯಿ. ಪಾತ್ರೆಯನ್ನು ಬೆಂಕಿಯ ಮೇಲೆ ಕಾಯಿಸಿ, ನವಸಾಗರ ಎಂಬ ಉಪ್ಪು ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಒಳಗೆಲ್ಲ ಸವರುತ್ತಾರೆ. ಹೊಸತಿದ್ದಾಗ ಬೆಳ್ಳಿಯಂತಿರುತ್ತದೆ, ಬಳಸುತ್ತ ಬೂದು ಬಣ್ಣಕ್ಕೆ ತಿರುಗಿ ಸವೆಯುತ್ತದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟರೆ ತಾಮ್ರ ಅಡುಗೆಗೆ ಇಳಿಯುತ್ತದೆ, ಹೊಟ್ಟೆ ಅದನ್ನು ತಡಮಾಡದೆ ಹೊರಗೆ ಹಾಕುತ್ತದೆ. ಪುಂಡಿ ಸೊಪ್ಪಿನಷ್ಟು ಹುಳಿ ನಮ್ಮ ಕಡೆಯ ಬೇರೆ ಯಾವ ಸೊಪ್ಪಿಗೂ ಇಲ್ಲ. ತಾಮ್ರದ ಹಸಿರು ಸೊಪ್ಪಿನ ಹಸಿರಿನಲ್ಲಿ ಕಾಣದೆ ಹೋಯಿತು, ಅದರ ಒಗರು ಹುಳಿಯಲ್ಲಿ ತಿಳಿಯದೆ ಹೋಯಿತು.

ಪಲ್ಯ ಮಾಡಿದವರು ಮಿಲಿಂದರ ತಾಯಿ ರುಕ್ಮಾಬಾಯಿ. ಅವರು ಒಲೆಯ ಬದಿಯಲ್ಲಿ ಕೂತಿದ್ದರು, ಇನ್ನೂ ಏನೂ ಉಂಡಿರಲಿಲ್ಲ. ಕರೆದವರೆಲ್ಲ ಉಂಡ ಮೇಲೆ ಮನೆಯವರು ಕೂಡುವುದು ಅಲ್ಲಿನ ಎಲ್ಲ ಮನೆಗಳ ರೂಢಿ. ಆಸ್ಪತ್ರೆಯ ಮುದುಕರ ಮನೆಯಲ್ಲೂ ಹಾಗೇ ಇರುತ್ತದೆ.

“ಈ ಕೊಪ್ಪರಿಗಿ ಎಲ್ಲಿಂದು, ಅವ್ವಾ?”

“ಊರ ಗುಡೀದು ರೀ. ಲಗ್ನಕ್ಕ, ಕಾರ್ಯಕ್ಕ ಎಲ್ಲಾರಿಗೂ ಕೊಡ್ತಾರ. ನಮಗ ಇದೇ ಮೊದಲನೇ ಸಲ ಕೊಟ್ಟಿದ್ದು.”

“ತಂದಾಗ ಒಳಗ ಹ್ಯಾಂಗ ಇತ್ತು?”

“ಅಲ್ಲಲ್ಲಿ ಬೂದು ಬೂದು ಹತ್ತಿತ್ತು ರೀ. ಹಿಂದಿನವರ ಅಡಗಿ ಕರಿ ಅಂತ ತಿಳದೆ. ಊರ ಭಾಂಡಿ ನಮ್ಮ ಮನಿಗಿ ಬಂದದ, ಹೊಲಸು ಇಟ್ಕೊಂಡು ಊರಿಗಿ ಅಡಗಿ ಮಾಡ್ಲೇನ್ರಿ? ಇಟ್ಟಂಗಿ ಪುಡಿ, ಹುಣಸಿಹಣ್ಣು ಹಚ್ಚಿ ರಟ್ಟಿ ನೋಯೂ ತನಕ ತಿಕ್ಕೀನಿ. ನೋಡ್ರಿ, ಬಂಗಾರ ಆಗ್ಯಾದ.”

ಅವರ ಮನೆಯಲ್ಲಿ ಎಂದೂ ಕಲಾಯಿ ಪಾತ್ರೆ ಇರಲಿಲ್ಲ. ಉಳಿದಿದ್ದ ಅಷ್ಟಿಷ್ಟು ತವರವನ್ನು ಅವರು ಕೊಳೆ ಎಂದು ತಿಕ್ಕಿ ತೆಗೆದಿದ್ದರು. ಪ್ರಯೋಗಾಲಯದ ವರದಿ ಬರುವ ಮೊದಲು ಕಾರಣ ಹೇಳುವ ಅಧಿಕಾರ ನನಗಿಲ್ಲ. ಪಲ್ಯದ ಸ್ಯಾಂಪಲ್ ಸೀಲು ಮಾಡಿ ಗುಡಿಯ ಕಡೆ ನಡೆದೆ.

ಗುಡಿಯ ಉಗ್ರಾಣದ ಕೀಲಿ ವೈಜಿನಾಥ ಕಾಕಾ ಎಂಬವರ ಹತ್ತಿರ ಇತ್ತು. ಊರ ಪಾತ್ರೆಗಳನ್ನು ಕೊಡುವವರು, ತಿರುಗಿ ಪಡೆಯುವವರು ಅವರೇ. ಬಾಗಿಲು ತೆಗೆದರು. ಗೋಡೆಗೆ ಸಾಲಾಗಿ ಕೊಪ್ಪರಿಗೆಗಳು, ಒಳಗೆ ಬೆಳ್ಳಗೆ ಮಿನುಗುವಂಥವು. ಮೂಲೆಯಲ್ಲಿ ಬೇರೆ ಇಟ್ಟಿದ್ದ ಕೆಲವುಗಳ ಹಿಡಿಕೆಗೆ ಒಂದೊಂದು ಚಿಂದಿ ಬಟ್ಟೆ ಕಟ್ಟಿತ್ತು.

“ಇದೇನ್ರಿ ಕಾಕಾ, ಚಿಂದಿ?”

“ಕಲಾಯಿ ಹೋದವು ರೀ. ಕಲಾಯಿ ಮಾಡಾಂವ ಉದಗೀರಿಂದ ಬರ್ತಾನ. ಬರೂ ತನಕ ಯಾರೂ ಅಡಗಿಗಿ ಒಯ್ಯಬಾರ್ದು ಅಂತ ಗುರುತು.”

“ಮಿಲಿಂದ ಅವರಿಗಿ ಕೊಟ್ಟಿದ್ದು ಯಾವ ಸಾಲಿಂದು?”

ಅವರು ಕೀಲಿ ಗೊಂಚಲು ತಿರುವಿದರು. “ಛೊಲೊ ಭಾಂಡಿ ಮುಂದಿನ ವಾರ ಲಗ್ನಕ್ಕ ಬೇಕಾಗಿದ್ವು ರೀ. ಅದಕ್ಕ ಈ ಮೂಲ್ಯಾಗಿಂದು ಕೊಟ್ಟೆ.”

“ಅದರ ಚಿಂದಿ?”

“ಬಿಚ್ಚಿ ಕೊಟ್ಟೀನ್ರಿ. ಮಂದಿ ಮನಿ ಕಾರ್ಯಕ್ಕ ಚಿಂದಿ ಕಟ್ಟಿದ ಭಾಂಡಿ ಕೊಟ್ರ ಚೆಂದ ಕಾಣ್ತದೇನ್ರಿ?”

“ಕಲಾಯಿ ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ?”

“ಕಲಾಯಿ ಅದ ಏನು ಅಂತ ಅವರು ಕೇಳಲಿಲ್ಲ ರೀ.”

ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಸುಳ್ಳು ಹೇಳುವವರ ಮುಖಗಳನ್ನು ಈ ಕೆಲಸದಲ್ಲಿ ಬಹಳ ನೋಡಿದ್ದೇನೆ. ಇದು ಅಂಥ ಮುಖವಲ್ಲ. ಚಿಂದಿ ಬಿಚ್ಚಿದ್ದು ತಾವು ತೋರಿಸಿದ ಮರ್ಯಾದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಬೆಳ್ಳನೆಯ ಕೊಪ್ಪರಿಗೆಗಳನ್ನು ಇನ್ನೊಮ್ಮೆ ನೋಡಿದೆ. ಎರಡು ಲಗ್ನಕ್ಕೆ ಸಾಕಾಗುವಷ್ಟಿದ್ದವು.

ಮರುದಿನವೇ ಹೆಚ್ಚಿನವರು ಮನೆಗೆ ಹೋದರು. ಆ ಮುದುಕರನ್ನು ಮಾತ್ರ ಬೀದರಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಆಮೇಲೆ ಬಿಟ್ಟರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಪ್ರಯೋಗಾಲಯದ ಉತ್ತರ ನಾನು ಊಹಿಸಿದಂತೆಯೇ ಬಂತು: ಪಲ್ಯದಲ್ಲಿ ತಾಮ್ರ ಮಿತಿಮೀರಿ ಇದೆ, ಬೇರೆ ದೋಷವಿಲ್ಲ. ನನ್ನ ವರದಿಯಲ್ಲಿ ಎಲ್ಲವನ್ನೂ ಕ್ರಮವಾಗಿ ಬರೆದೆ. ಕಲಾಯಿಗೆಂದು ತೆಗೆದಿಟ್ಟ ಪಾತ್ರೆಯನ್ನು ಗುರುತು ಬಿಚ್ಚಿ ಕೊಟ್ಟದ್ದು, ಅದನ್ನು ತಿಕ್ಕಿ ತೊಳೆದದ್ದು, ಹುಳಿ ಪಲ್ಯ ಮಾಡಿ ಅದರಲ್ಲೇ ಇಟ್ಟದ್ದು. ಕೊನೆಗೆ ಒಂದು ಸಲಹೆ: ಬಳಕೆ ಗೊತ್ತಿಲ್ಲದವರಿಗೆ ತಾಮ್ರದ ಪಾತ್ರೆ ಕೊಡುವಾಗ ತಿಳಿಸಿ ಕೊಡಬೇಕು.

ಮಿಲಿಂದರ ಒತ್ತಾಯಕ್ಕೆ ಗುಡಿಯ ಕಟ್ಟೆಯ ಮೇಲೆ ಊರವರನ್ನು ಸೇರಿಸಿ ಅದನ್ನು ಓದಿದೆ. ಓದಿ ಮುಗಿಸುವ ಮೊದಲೇ ಒಬ್ಬ ಎದ್ದು ನಿಂತ.

“ಅಂದ್ರ ಕಲಾಯಿ ತಿಕ್ಕಿ ತಗದಾಕಿ ಆಕೀನೇ ಅಂದಂಗಾತು.”

“ಪಾತ್ರೆ ಮೊದಲೇ ಕೆಟ್ಟಿತ್ತು. ಗುರುತು ಬಿಚ್ಚಿ ಕೊಟ್ಟಿದ್ದಾರೆ” ಎಂದೆ. ಎರಡನೇ ಸಲವೂ ಹೇಳಿದೆ.

“ಅದು ಹೌದ್ರಿ. ಆದ್ರ ತಿಕ್ಕದಿದ್ರ ಇಷ್ಟು ಆಗ್ತಿದ್ದಿಲ್ಲಲ್ರಿ?”

ವೈಜಿನಾಥ ಕಾಕಾ ನೆಲ ನೋಡುತ್ತಿದ್ದರು. ಕಟ್ಟೆಯ ಕೆಳಗೆ ಹೆಂಗಸರ ಹಿಂದೆ ನಿಂತಿದ್ದ ರುಕ್ಮಾಬಾಯಿ ಮುಂದೆ ಬಂದರು. “ನಂದೇ ತಪ್ಪು ರೀ. ನಾನೇ ತಿಕ್ಕೀನಿ.”

“ಅವ್ವಾ, ನಿಂದೇನೂ ತಪ್ಪಿಲ್ಲ. ಸುಮ್ನಿರು” ಎಂದು ಮಿಲಿಂದ ಅವರ ಕೈ ಹಿಡಿದರು.

“ಬಿಡಪ್ಪಾ” ಎಂದರು ಆಕೆ, ಎಲ್ಲರಿಗೂ ಕೇಳುವ ಹಾಗೆ. “ತಪ್ಪು ನಂದು ಅಂದ್ರರ ಮತ್ತ ಉಣ್ಲಿಕ್ಕಿ ಬರ್ತಾರೇನು, ನೋಡ್ತೀನಿ.”

ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಮುಂದಿನ ವರ್ಷ ಕಿರಾಣಿ ಅಂಗಡಿಯ ತಪಾಸಣೆಗೆ ಅದೇ ಊರಿಗೆ ಹೋದೆ. ಗುಡಿಯ ಉಗ್ರಾಣದ ಬಾಗಿಲ ಮೇಲೆ ಹೊಸ ಬಣ್ಣದಲ್ಲಿ ಬರೆಸಿದ್ದರು: ‘ಬಳಕೆ ಗೊತ್ತಿಲ್ಲದವರಿಗೆ ಪಾತ್ರೆ ಕೊಡುವುದಿಲ್ಲ.’ ಕಟ್ಟೆಯ ಮೇಲೆ ಕೂತಿದ್ದವನೊಬ್ಬ ಹೆಮ್ಮೆಯಿಂದ, “ನೀವು ಹೇಳಿದಂಗೇ ಮಾಡೀವಿ ರೀ ಸಾಹೇಬ್ರ” ಎಂದ.

ಆಮೇಲಿನ ನನ್ನ ವರದಿಗಳಲ್ಲಿ, ಕೊಟ್ಟವರಿಗೆ ಏನು ಗೊತ್ತಿತ್ತು ಎಂಬುದನ್ನು ಮೊದಲು ಬರೆದೆ. ಪದಾರ್ಥದಲ್ಲಿ ಏನಿತ್ತು ಎಂಬುದನ್ನು ಆಮೇಲೆ. ಸಲಹೆ ಬರೆಯುವ ಮುಂಚೆ, ಅದು ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿದೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ರುಕ್ಮಾಬಾಯಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಆ ತಪಾಸಣೆಯ ದಿನ ಅವರ ಮನೆಗೂ ಹೋದೆ. ಊಟದ ಹೊತ್ತು. ಒಳಗೆ ರೊಟ್ಟಿ ಸುಡುವ ವಾಸನೆ ಇತ್ತು. “ಒಂದು ರೊಟ್ಟಿ ಕೊಡ್ರಿ ಅವ್ವಾ, ಹಸಿವಾಗ್ಯಾದ” ಎಂದು ನಾನೇ ಕೇಳಿದೆ. ಅವರು ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಅಂಗಡಿಯಿಂದ ತರಿಸಿದ ಬಿಸ್ಕೀಟ್ ಪುಡಿಕೆ, ನೀರಿನ ಬಾಟಲಿ ಇದ್ದವು. ನನ್ನ ಮುಂದೆ ಇಟ್ಟು, ಬಾಟಲಿಯ ಮುಚ್ಚಳವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

“ಸೀಲ್ ಒಡದಿಲ್ಲ ರೀ, ನೋಡ್ಕೋರಿ.”