ಏಳನೇ ಹಳದಿ ಪಾದ

ನಮ್ಮ ಬೀದಿಯ ವಿಲ್ಫ್ ಆರ್ಮರಾಡ್ ಅವರ ಹೆಬ್ಬೆರಳನ್ನು ಹ್ಯಾಲಿಫ್ಯಾಕ್ಸ್ ಊರಿನಲ್ಲಿ ನೋಡದವರು ಕಡಿಮೆ. ಮೂವತ್ತೆಂಟು ವರ್ಷ ಅವರು ಬಸ್ಸಿನ ಕೆಲಸದಲ್ಲಿದ್ದವರು. ಮೊದಲು ಕಂಡಕ್ಟರ್, ಆಮೇಲೆ ನಿಲ್ದಾಣದ ಇನ್‌ಸ್ಪೆಕ್ಟರ್. ಯಾರಾದರೂ ಕ್ಯೂ ಮಧ್ಯೆ ನುಸುಳಿದರೆ ವಿಲ್ಫ್ ಬೈಯುತ್ತಿರಲಿಲ್ಲ, ಕೂಗಾಡುತ್ತಿರಲಿಲ್ಲ. ಟೋಪಿ ಸರಿಮಾಡಿಕೊಂಡು ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸುತ್ತಿದ್ದರು, ಅಷ್ಟೆ. ನುಸುಳಿದವನು ಪಾದ್ರಿಯಾಗಿರಲಿ, ಬ್ಯಾಂಕ್ ಮ್ಯಾನೇಜರ್ ಆಗಿರಲಿ, ಕಿವಿ ಕೆಂಪಗೆ ಮಾಡಿಕೊಂಡು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದ. ನಾನೂ ಎರಡು ಸಲ ಹೋಗಿದ್ದೇನೆ. ಅದರಲ್ಲಿ ಒಂದು ಸಲ ನನ್ನ ತಪ್ಪೇನೂ ಇರಲಿಲ್ಲ, ಆದರೂ ಹೋದೆ.

ಅವರ ಮದುವೆಯೂ ಆ ಹೆಬ್ಬೆರಳಿನ ಪ್ರತಾಪವೇ. ೧೯೬೨ರಲ್ಲಿ ಕಾರ್ಪೆಟ್ ಮಿಲ್ಲಿನ ಈನಿಡ್ ಎಂಬ ಹುಡುಗಿ ಬಸ್ಸಿನ ಸಾಲಿನಲ್ಲಿ ಗೆಳತಿಯ ಪಕ್ಕ ಮೆಲ್ಲಗೆ ಸೇರಿಕೊಂಡಳು. ಗೆಳತಿ ಜಾಗ ಹಿಡಿದಿಟ್ಟಿದ್ದಳಂತೆ. ಜಾಗ ಹಿಡಿದಿಡುವುದು ವಿಲ್ಫ್ ಕಣ್ಣಿಗೆ ನುಸುಳುವುದಕ್ಕಿಂತ ದೊಡ್ಡ ಪಾಪ. ಹೆಬ್ಬೆರಳು ಎದ್ದಿತು, ಹುಡುಗಿ ಹಿಂದಕ್ಕೆ ಹೋದಳು, ಬಸ್ ತುಂಬಿತು, ಅವಳಿಗೆ ಅರ್ಧ ದಿನದ ಸಂಬಳ ಹೋಯಿತು. ಮರುದಿನ ಜಗಳಕ್ಕೆಂದೇ ಬೇಗ ಬಂದು ಸಾಲಿನ ಮೊದಲಲ್ಲಿ ನಿಂತಳು. ಜಗಳ ಒಂದು ವರ್ಷ ನಡೆದು ಚರ್ಚಿನಲ್ಲಿ ಮುಗಿಯಿತು. ಮುಗಿಯಲಿಲ್ಲ ಎಂದು ಈನಿಡ್ ಹೇಳುತ್ತಿದ್ದರು.

ನಾನು ಇಪ್ಪತ್ತಾರು ವರ್ಷದಿಂದ ಇವರ ಪಕ್ಕದ ಮನೆಯವಳು. ನಡುವಿನ ಗೋಡೆ ತೆಳು, ಹಾಗಾಗಿ ಇದೆಲ್ಲ ನನಗೆ ಯಾರೂ ಹೇಳಬೇಕಾಗಿಲ್ಲ.

ಲಾಕ್‌ಡೌನ್ ಬಂದ ವರ್ಷ ಫೆಬ್ರವರಿಯಲ್ಲಿ ಈನಿಡ್‌ಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಿಂದ ಅವರನ್ನು ಆರು ವಾರದ ಮಟ್ಟಿಗೆಂದು ದೊಡ್ಡ ರಸ್ತೆಯ ಆರೈಕೆ ಮನೆಗೆ ಸೇರಿಸಿದರು. ಮೂರನೇ ವಾರಕ್ಕೆ ದೇಶಕ್ಕೆ ಬೀಗ ಬಿತ್ತು, ಆರೈಕೆ ಮನೆಗೆ ಅದಕ್ಕೂ ಮೊದಲೇ. ಒಳಗೆ ಯಾರಿಗೂ ಪ್ರವೇಶವಿಲ್ಲ, ಕಿಟಕಿಯ ಹತ್ತಿರ ನಿಲ್ಲುವಂತಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ವಿಲ್ಫ್ ಆ ಚೀಟಿ ಓದಿ, ಚೀಟಿ ಹೇಳಿದಂತೆಯೇ ಮನೆಗೆ ಬಂದರು. ಬೇರೆಯವರಾಗಿದ್ದರೆ ಹೂವಿನ ಗಿಡಗಳ ಸಂದಿಯಲ್ಲಿ ಇಣುಕುತ್ತಿದ್ದರು. ಈ ಮನುಷ್ಯ ಹುಲ್ಲಿನ ಮೇಲೆ ನಡೆಯಬೇಡಿ ಎಂದು ಬರೆದಿದ್ದರೆ ಹುಲ್ಲನ್ನು ನೋಡುವುದಕ್ಕೂ ಹೆದರುವ ಜಾತಿ.

ಫೋನ್ ಮಾಡಿದರೆ ಈನಿಡ್ ಅದನ್ನು ಕಿವಿಗಿಟ್ಟುಕೊಂಡು ಸುಮ್ಮನಿರುತ್ತಿದ್ದರು. ಮಾತು ಕಲಸಿಹೋಗಿತ್ತು, ಗಂಡನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಗಂಡ ಬಿಟ್ಟುಹೋದ ಎಂದುಕೊಂಡರೋ ಏನೋ, ಊಟ ಬಿಟ್ಟರು. ಅವರನ್ನು ನೋಡಿಕೊಳ್ಳುತ್ತಿದ್ದ ಟೆಂಡಾಯಿ ಎಂಬ ಜಿಂಬಾಬ್ವೆಯ ಹೆಣ್ಣುಮಗಳು ದಿನಾ ವಿಲ್ಫ್‌ಗೆ ಫೋನ್ ಮಾಡಿ ಎಷ್ಟು ಚಮಚ ಒಳಗೆ ಹೋಯಿತು ಎಂದು ಹೇಳುತ್ತಿದ್ದಳು. ಎರಡು ಚಮಚ. ಒಂದು ಚಮಚ. ಆ ಲೆಕ್ಕ ಕೇಳಿ ವಿಲ್ಫ್ ಕೂಡ ಸೊರಗಿದರು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ವಿಲ್ಫ್ ರಕ್ತದೊತ್ತಡದ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದರು. ಅಂಗಡಿ ಆರೈಕೆ ಮನೆಯ ಪಕ್ಕದಲ್ಲೇ ಇದೆ. ಒಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದುದರಿಂದ, ಹೊರಗೆ ಕಾಯುವವರಿಗಾಗಿ ಎರಡೆರಡು ಮೀಟರಿಗೆ ಒಂದರಂತೆ ಕಾಲುದಾರಿಯ ಮೇಲೆ ಹಳದಿ ಪಾದದ ಗುರುತುಗಳನ್ನು ಬಳಿದಿದ್ದರು. ಆ ಪಾದಗಳು ಆರೈಕೆ ಮನೆಯ ತಗ್ಗು ಗೋಡೆಯುದ್ದಕ್ಕೂ ಸಾಗುತ್ತವೆ. ಏಳನೇ ಪಾದದ ಮೇಲೆ ನಿಂತು ವಿಲ್ಫ್ ತಲೆ ಎತ್ತಿದರೆ ಎದುರಿಗೆ ಕಿಟಕಿ, ಕಿಟಕಿಯಲ್ಲಿ ಈನಿಡ್, ಮುಂದೆ ತಣ್ಣಗಾಗುತ್ತಿದ್ದ ಕಸ್ಟರ್ಡ್ ಬಟ್ಟಲು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಾಲ್ಕು ನಿಮಿಷಕ್ಕೆ ಸಾಲು ಮುಂದೆ ಹೋಯಿತು, ವಿಲ್ಫ್ ಕೂಡ ಆರನೇ ಪಾದಕ್ಕೆ ಹೋಗಬೇಕಾಯಿತು. ಸಂಜೆ ಟೆಂಡಾಯಿ ಫೋನ್ ಮಾಡಿದಳು. ಬಟ್ಟಲು ಪೂರ್ತಿ ಖಾಲಿ, ಕೆರೆದು ತಿಂದರು ಎಂದಳು. ನೀವು ಇವತ್ತು ಏನು ಮಾಡಿದಿರೋ ಅದನ್ನೇ ನಾಳೆ ಮೂರು ಗಂಟೆಗೂ ಮಾಡಿ ಎಂದಳು.

ಹೀಗೆ ಎಂಬತ್ತು ವರ್ಷದ ವಿಲ್ಫ್ ಆರ್ಮರಾಡ್ ದಾರಿ ತಪ್ಪಿದರು. ಕಿಟಕಿಯ ಬಳಿ ನಿಲ್ಲುವುದು ತಪ್ಪು, ಬೀದಿಯಲ್ಲಿ ಸುಮ್ಮನೆ ನಿಲ್ಲುವುದೂ ಆಗ ತಪ್ಪು, ಆದರೆ ಕ್ಯೂನಲ್ಲಿ ನಿಲ್ಲುವುದನ್ನು ಈ ದೇಶದಲ್ಲಿ ಯಾವ ಕಾನೂನು ತಡೆದೀತು? ದಿನಾ ಮೂರಕ್ಕೆ ಅವರು ಸಾಲು ಸೇರಿದರು. ಏಳನೇ ಪಾದ ಬಂದಾಗ ಹಿಂದಿನವರಿಗೆ ನೀವು ಮುಂದೆ ಹೋಗಿ ಎಂದು ದಾರಿ ಬಿಟ್ಟರು. ಅದರ ಹಿಂದಿನವರಿಗೂ ಬಿಟ್ಟರು. ಅರ್ಧ ಗಂಟೆ ಅಲ್ಲೇ ಇದ್ದು, ಬಟ್ಟಲು ಖಾಲಿಯಾದ ಮೇಲೆ ಅಂಗಡಿಯ ಒಳಗೂ ಹೋಗಿ ಬರುತ್ತಿದ್ದರು. ಸಾಲಿನಲ್ಲಿ ನಿಂತು ಏನೂ ಕೊಳ್ಳದೆ ಬರುವುದು ಮೋಸ ಎಂದು ಅವರ ಎಣಿಕೆ. ಹಾಗಾಗಿ ದಿನಕ್ಕೊಂದು ಪೊಟ್ಟಣ, ಕಾಲಿನ ಆಣಿಗೆ ಅಂಟಿಸುವ ಪಟ್ಟಿ. ಮನುಷ್ಯನಿಗೆ ಆಣಿಯೇ ಇರಲಿಲ್ಲ.

ಸಾಲಿನಲ್ಲಿ ನಿಲ್ಲುವ ನಮಗೆ ವಾರದೊಳಗೆ ವಿಷಯ ಗೊತ್ತಾಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಕಡೆ ಅಂಥದ್ದನ್ನೆಲ್ಲ ಹವಾಮಾನದ ಮಾತಿನಲ್ಲೇ ಮುಗಿಸುತ್ತೇವೆ. ಬಿಸಿಲು ಚೆನ್ನಾಗಿದೆ ಎನ್ನುತ್ತಾ ಅವರನ್ನು ಸುತ್ತುಹಾಕಿ ಮುಂದೆ ಹೋಗುತ್ತಿದ್ದೆವು. ಕೆಲವರು ಕಿಟಕಿಯ ಕಡೆಗೂ ತಲೆಬಾಗಿ ಹೋಗುತ್ತಿದ್ದರು.

ಗೊತ್ತಾಗದೆ ಉಳಿದವಳು ಮ್ಯೂರಿಯಲ್ ಗಾರ್ಸೈಡ್ ಒಬ್ಬಳೇ, ಏಕೆಂದರೆ ಅವಳು ಸಾಲಿಗೆ ಬರುತ್ತಿರಲಿಲ್ಲ. ಅಂಗಡಿಯ ಎದುರಿನ ಕಟ್ಟಡದ ಮೇಲ್ಮಹಡಿಯಲ್ಲಿ ಅವಳ ಮನೆ. ಬಲೆ ಪರದೆಯ ಹಿಂದೆ ಕುರ್ಚಿ, ಕುರ್ಚಿಯ ಪಕ್ಕ ನೋಟ್‌ಪುಸ್ತಕ. ಯಾರು ದಿನಕ್ಕೆ ಎರಡು ಸಲ ನಾಯಿ ತಿರುಗಿಸಿದರು, ಯಾರ ಮನೆಗೆ ಮಗಳು ಬಂದು ಹೋದಳು, ಗುರುವಾರ ಸಂಜೆ ನರ್ಸುಗಳಿಗಾಗಿ ಎಲ್ಲರೂ ಪಾತ್ರೆ ಬಡಿಯುವಾಗ ಯಾರು ಬಡಿಯಲಿಲ್ಲ, ಎಲ್ಲ ಅದರಲ್ಲಿ ಇತ್ತು. ನಾನು ಒಂದು ಗುರುವಾರ ಸ್ನಾನ ಮಾಡುತ್ತಿದ್ದೆ, ಪಾತ್ರೆ ಬಡಿಯಲಾಗಲಿಲ್ಲ, ಅದೂ ಇತ್ತು. ಅವಳ ಮೇಲೆ ನನಗೆ ಆಗ ಬಂದಿದ್ದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಮ್ಯೂರಿಯಲ್ ವಿಲ್ಫ್ ಬಗ್ಗೆ ಪೊಲೀಸರಿಗೆ ಬರೆದಳು. ದಿನವೂ ಒಬ್ಬ ಮುದುಕ ಕಾರಣವಿಲ್ಲದೆ ಬೀದಿಯಲ್ಲಿ ನಿಂತಿರುತ್ತಾನೆ ಎಂದು.

ಪೊಲೀಸರು ಬಂದದ್ದು ಬುಧವಾರ. ಇದು ಮುಖ್ಯ, ಏಕೆಂದರೆ ನಮ್ಮಲ್ಲಿ ಆ ಅಂಗಡಿ ಹಳೆಯ ರೂಢಿಯಂತೆ ಬುಧವಾರ ಮಧ್ಯಾಹ್ನ ಮುಚ್ಚಿರುತ್ತದೆ. ವಿಲ್ಫ್‌ಗೆ ಅದು ಗೊತ್ತು. ಆದರೂ ಮೂರಕ್ಕೆ ಹೋಗಿ ಏಳನೇ ಪಾದದ ಮೇಲೆ ನಿಂತರು. ಮುಂದೆ ಆರು ಪಾದ ಖಾಲಿ. ಎರಡು ನಿಮಿಷದಲ್ಲಿ ಅವರ ಹಿಂದೆ ಒಬ್ಬ ಹೆಂಗಸು ನಿಂತಳು. ಅವಳ ಹಿಂದೆ ಒಬ್ಬ ಪೇಂಟರ್. ಒಬ್ಬ ಮನುಷ್ಯ ನೆಟ್ಟಗೆ ನಿಂತಿದ್ದಾನೆ ಎಂದರೆ ಮುಂದೆ ಏನೋ ಸಿಗುತ್ತದೆ ಎಂದೇ ನಮ್ಮವರ ನಂಬಿಕೆ. ಆ ವಸಂತದಲ್ಲಿ ಮೈದಾಹಿಟ್ಟೂ ಶೌಚದ ಕಾಗದವೂ ಸಿಗದೆ ಆ ನಂಬಿಕೆ ಇನ್ನೂ ಬಲಿತಿತ್ತು. ಅಂಗಡಿಯ ಬಾಗಿಲಿಗೆ ಬೀಗ, ಕಿಟಕಿಗೆ ಕಬ್ಬಿಣದ ಶಟರ್. ಯಾಕೆ ನಿಂತಿದ್ದೀರಿ ಎಂದು ಮುಂದಿನವರನ್ನು ಕೇಳುವುದು ಅಸಭ್ಯ ಎಂದು ಯಾರೂ ಕೇಳಲಿಲ್ಲ. ನಾನು ಹೋಗುವಷ್ಟರಲ್ಲಿ ಹದಿನಾಲ್ಕು ಜನ. ನನಗೆ ಬುಧವಾರ ಎಂದು ಗೊತ್ತಿತ್ತು, ಆದರೂ ಹದಿನೈದನೆಯವಳಾಗಿ ನಿಂತೆ.

ಬಂದ ಪೊಲೀಸ್ ಹೆಂಗಸು ಕೆಟ್ಟವಳಲ್ಲ. ದೂರದಲ್ಲೇ ನಿಂತು, ಇಲ್ಲಿ ಏನು ಮಾಡ್ತಿದ್ದೀರಿ ಎಂದು ವಿಲ್ಫ್‌ರನ್ನು ಕೇಳಿದಳು.

"ಕ್ಯೂನಲ್ಲಿದ್ದೀನಮ್ಮ," ಎಂದರು ವಿಲ್ಫ್.

"ಅಂಗಡಿ ಮುಚ್ಚಿದೆಯಲ್ಲ ತಾತ."

"ಹೌದಮ್ಮ. ನಾಳೆ ಬೆಳಗ್ಗೆ ತೆಗೀತಾರೆ."

ಆಕೆ ಹಿಂದಿನವಳನ್ನು ಕೇಳಿದಳು. ಅವಳೂ ಕ್ಯೂನಲ್ಲಿದ್ದಳು. ಪೇಂಟರ್ ಕೂಡ ಕ್ಯೂನಲ್ಲಿದ್ದ. ಮುಂದೆ ಆರು ಜಾಗ ಖಾಲಿ ಇದೆಯಲ್ಲ, ಯಾಕೆ ಮುಂದೆ ಹೋಗುವುದಿಲ್ಲ ಎಂದು ಕೇಳಿದರೆ, ಮುಂದಿನವರು ಹೋಗದೆ ನಾನು ಹೇಗೆ ಹೋಗಲಿ ಎಂದು ಅವನು ನೊಂದುಕೊಂಡ. ಹೀಗೆ ವಿಚಾರಣೆ ನನ್ನ ತನಕ ಬಂತು.

ನಾನು ಕಿಟಕಿಯ ಕಡೆ ನೋಡಿದೆ. ಆಕೆಯೂ ನೋಡಿದಳು. ಈನಿಡ್ ಗಂಡನ ಮೇಲೆ ಕಣ್ಣಿಟ್ಟುಕೊಂಡು ನಿಧಾನಕ್ಕೆ ಕಸ್ಟರ್ಡ್ ತಿನ್ನುತ್ತಿದ್ದರು. ಆಕೆ ಸ್ವಲ್ಪ ಹೊತ್ತು ನೋಡಿ, ಎರಡು ಮೀಟರ್ ಅಂತರ ಕಾಪಾಡಿಕೊಳ್ಳಿ ಎಂದು ಎಲ್ಲರಿಗೂ ಹೇಳಿ, ರಸ್ತೆ ದಾಟಿ ಮ್ಯೂರಿಯಲ್ ಮನೆಯ ಗಂಟೆ ಒತ್ತಿದಳು. ಬಾಗಿಲಲ್ಲಿ ಏನು ಮಾತಾಯಿತು ಎಂದು ನಮಗೆ ಕೇಳಿಸಲಿಲ್ಲ. ಮರುದಿನ ಮೇಲ್ಮಹಡಿಯ ಪರದೆ ಮುಚ್ಚಿತ್ತು. ಮೂರನೇ ದಿನ ಮ್ಯೂರಿಯಲ್ ಸಾಲಿನಲ್ಲಿ ನಿಂತಿದ್ದಳು, ಕೆಮ್ಮಿನ ಔಷಧಿಗಂತೆ.

ಮೇ ಕೊನೆಗೆ ನಿಜವಾದ ಕೆಮ್ಮು ಬಂದದ್ದು ವಿಲ್ಫ್‌ಗೆ. ಜ್ವರವೂ ಇತ್ತು. ಕೆಮ್ಮು ಬಂದವರು ಏಳು ದಿನ ಮನೆ ಬಿಟ್ಟು ಹೊರಡುವಂತಿಲ್ಲ ಎಂದು ನಿಯಮ, ನಿಯಮ ಎಂದ ಮೇಲೆ ವಿಲ್ಫ್ ಬಾಗಿಲ ಚಿಲಕವನ್ನೂ ಮುಟ್ಟುವವರಲ್ಲ. ನಾನು ಹೊಸಿಲ ಮೇಲೆ ಸೂಪು ಇಟ್ಟು ಹಿಂದೆ ಸರಿಯುತ್ತಿದ್ದೆ. ಬಾಗಿಲಲ್ಲಿ ಕಾಗದ ತೂರಿಸುವ ಅಂಚೆ ಕಂಡಿಯಿಂದ ಅವರ ದನಿ ಬರುತ್ತಿತ್ತು. ಜ್ವರದ ಸುದ್ದಿ ಇಲ್ಲ, ಸೂಪಿನ ಸುದ್ದಿ ಇಲ್ಲ.

"ತಿಂದಳಾ ಅವಳು?"

ತಿಂದಿರಲಿಲ್ಲ. ಮೊದಲ ದಿನ ಎರಡು ಚಮಚ, ಎರಡನೇ ದಿನ ಬಟ್ಟಲನ್ನೇ ದೂಡಿದ್ದರು. ಏಳನೇ ಪಾದದ ಮೇಲೆ ಯಾರು ಬಂದು ನಿಂತರೂ ಒಮ್ಮೆ ನೋಡಿ ಮುಖ ತಿರುಗಿಸುತ್ತಿದ್ದರಂತೆ. ನಾನು ಅಂಚೆ ಕಂಡಿಗೆ ಸುಳ್ಳು ಹೇಳಿದೆ, ಅರ್ಧ ತಿಂದರು ಎಂದೆ. ಮೂವತ್ತೆಂಟು ವರ್ಷ ಸುಳ್ಳು ಕೇಳಿದ ಇನ್‌ಸ್ಪೆಕ್ಟರ್ ಥ್ಯಾಂಕ್ಸ್ ಎಂದರು, ಅಷ್ಟೆ. ನಾನು ಮನೆಗೆ ಬಂದು ಅತ್ತೆ.

ಉಪಾಯ ಹೂಡಿದವಳು ಮ್ಯೂರಿಯಲ್, ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲದಿದ್ದರೂ. ವಿಲ್ಫ್‌ರ ಹಳೆಯ ಇನ್‌ಸ್ಪೆಕ್ಟರ್ ಟೋಪಿ ತರಿಸು ಎಂದಳು. ಅದು ಅಂಚೆ ಕಂಡಿಯಿಂದ ಮಡಚಿಕೊಂಡು ಹೊರಬಂತು. ನಾನು ಇಕ್ಕಳದಲ್ಲಿ ಹಿಡಿದು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿ ಒಂದು ದಿನ ಬಿಸಿಲಿಗೆ ಹಾಕಿದೆ. ಮರುದಿನ ಮೂರಕ್ಕೆ ಮ್ಯೂರಿಯಲ್ ಆ ಟೋಪಿ ಕಿವಿಯ ತನಕ ಇಳಿಸಿಕೊಂಡು ಏಳನೇ ಪಾದದ ಮೇಲೆ ಎದೆ ಸೆಟೆಸಿ ನಿಂತಳು. ಕಿಟಕಿಯ ಕಡೆ ತಿರುಗಿ, ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸಿದಳು.

ಈನಿಡ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನಕ್ಕರು. ಫೆಬ್ರವರಿಯ ನಂತರ ಮೊದಲ ಸಲ ಎಂದು ಟೆಂಡಾಯಿ ಹೇಳಿದಳು. ಅವತ್ತು ಅರ್ಧ ಬಟ್ಟಲು ಒಳಗೆ ಹೋಯಿತು, ನನ್ನ ಸುಳ್ಳು ನಿಜವಾಯಿತು. ಮ್ಯೂರಿಯಲ್ ದಿನಾ ನಿಂತಳು. ಮುಂದೆ ಹೋಗಿ ಎಂದು ಗೊತ್ತಿಲ್ಲದವರು ಯಾರಾದರೂ ಹೇಳಿದರೆ, ಒಬ್ಬರಿಗಾಗಿ ಜಾಗ ಹಿಡಿದಿಟ್ಟಿದ್ದೀನಿ ಎನ್ನುತ್ತಿದ್ದಳು. ಇದನ್ನು ಮಾತ್ರ ನಾವು ವಿಲ್ಫ್‌ಗೆ ಹೇಳಲಿಲ್ಲ.

ಹತ್ತನೇ ದಿನ ವಿಲ್ಫ್ ಹೊರಗೆ ಬಂದರು. ಕೋಟು ಹೆಗಲಿನಿಂದ ಜಾರುತ್ತಿತ್ತು, ಕೈಯಲ್ಲಿ ಕೋಲು. ಹತ್ತು ನಿಮಿಷದ ದಾರಿಗೆ ಇಪ್ಪತ್ತೈದು ನಿಮಿಷ ತೆಗೆದುಕೊಂಡರು, ಹಾಗಾಗಿ ತಡವಾಯಿತು. ಸಾಲು ಹತ್ತೊಂಬತ್ತು ಜನರಷ್ಟು ಬೆಳೆದಿತ್ತು. ಅವರನ್ನು ಕಂಡು ಮ್ಯೂರಿಯಲ್ ಟೋಪಿ ತೆಗೆದು ಬೀಸಿದಳು, ಬನ್ನಿ ಎಂದು. ನಾವೆಲ್ಲ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು.

ವಿಲ್ಫ್ ಬರಲಿಲ್ಲ. ಕೋಲೂರಿಕೊಂಡು ಇಪ್ಪತ್ತನೆಯವರಾಗಿ ಕೊನೆಯಲ್ಲಿ ನಿಂತರು. ಅವರ ಮುಂದಿನವಳು ನಾನೇ. ಹೋಗಿ ವಿಲ್ಫ್, ಕಸ್ಟರ್ಡ್ ಮುಗಿದುಹೋಗುತ್ತೆ ಎಂದೆ.

"ಕ್ಯೂ ಅಂದ್ರೆ ಕ್ಯೂ, ತಾಯಿ. ಮುಂಚೆ ನಾನು ಬೇರೆಯವ್ರಿಗೆ ದಾರಿ ಬಿಡ್ತಿದ್ದೆ. ಅದು ಬೇರೆ. ಇದು ಬೇರೆ."

ನನಗೆ ಆ ಕೋಲು ಕಿತ್ತುಕೊಂಡು ಬಡಿಯಬೇಕು ಅನ್ನಿಸಿತು. ಅಷ್ಟರಲ್ಲಿ ಟಣ್ ಟಣ್ ಎಂದು ಸದ್ದು. ಈನಿಡ್ ಕಿಟಕಿಯ ಗಾಜಿಗೆ ಹಣೆ ಒತ್ತಿ, ಸಾಲಿನ ಕೊನೆಯನ್ನು ಓರೆಯಾಗಿ ನೋಡುತ್ತಾ, ಚಮಚದಿಂದ ಗಾಜು ಬಡಿಯುತ್ತಿದ್ದರು. ಎಲ್ಲರೂ ತಿರುಗಿದ ಮೇಲೆ ಚಮಚ ಕೆಳಗಿಟ್ಟರು. ಹೆಬ್ಬೆರಳು ಎತ್ತಿದರು. ಹಿಂದಕ್ಕಲ್ಲ, ಮುಂದಕ್ಕೆ ತೋರಿಸಿದರು. ಅವರ ತುಟಿಯೂ ಆಡಿತು. ದನಿ ನಮಗೆ ಕೇಳಲಿಲ್ಲ, ಕಿಟಕಿಯ ಒಳಗಿದ್ದ ಟೆಂಡಾಯಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ವಿಲ್ಫ್ ಎಂದೇ ಕರೆದರು ಎಂದು ಆಮೇಲೆ ಹೇಳಿದಳು.

ವಿಲ್ಫ್ ಆರ್ಮರಾಡ್ ಸಾಲಿನಿಂದ ಹೊರಗೆ ಕಾಲಿಟ್ಟರು. ನನ್ನನ್ನು ದಾಟುವಾಗ ಸಾರಿ ಎಂದರು. ಪೇಂಟರನ್ನು ದಾಟುವಾಗ ಸಾರಿ ಎಂದರು. ಮುಖ ಕೆಂಪಾಗಿ, ತಲೆ ತಗ್ಗಿಸಿ, ಒಬ್ಬರನ್ನೂ ಬಿಡದೆ ಹನ್ನೆರಡು ಸಾರಿ ಹೇಳಿ ಏಳನೇ ಪಾದ ತಲುಪಿದರು. ಮ್ಯೂರಿಯಲ್ ಟೋಪಿಯನ್ನು ಗೋಡೆಯ ಮೇಲಿಟ್ಟು ದೂರ ಸರಿದಳು. ವಿಲ್ಫ್ ಅದನ್ನು ಹಾಕಿಕೊಂಡು ಸರಿಮಾಡಿಕೊಂಡರು. ಈನಿಡ್ ಚಮಚ ಕೈಗೆತ್ತಿಕೊಂಡರು.

ಸಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ವಿಲ್ಫ್ ಬೆನ್ನು ಕುಗ್ಗುತ್ತಾ ಬಂತು, ಯಾರೂ ಬೈಯದ ಈ ಮೌನದಲ್ಲೇ ಅವರು ನಾಚಿಕೆಯಿಂದ ಇನ್ನಷ್ಟು ಸಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು, ಆದರೆ ಏನು ಮಾಡಬೇಕೆಂದು ತೋಚಲಿಲ್ಲ. ಮ್ಯೂರಿಯಲ್‌ಗೆ ತೋಚಿತು. ಇಡೀ ಬೀದಿಗೆ ಕೇಳುವಂತೆ ನಾಲಿಗೆಯನ್ನು ಹಲ್ಲಿಗೆ ತಾಗಿಸಿ "ಚ್ಚ್" ಎಂದಳು, ಸಾಲಿನಲ್ಲಿ ನುಸುಳಿದವನನ್ನು ಆಕ್ಷೇಪಿಸುವ ಹಾಗೆ.

ವಿಲ್ಫ್ ಬೆನ್ನು ನೆಟ್ಟಗಾಯಿತು. ಕಿಟಕಿಯಿಂದ ಕಣ್ಣು ತೆಗೆಯದೆಯೇ, "ಸರಿಯಾಗಿ ಹೇಳಿದ್ರಿ, ಮ್ಯೂರಿಯಲ್," ಎಂದರು.