ನನಗೆ ನಾನೇ ಕೊಡುವ ಬಾಡಿಗೆ

ಒಬ್ಬ ಮನುಷ್ಯನ ನಿಜವಾದ ವರಮಾನವೆಷ್ಟೆಂಬುದು ಅವನಿಗಿಂತ ಅವನ ಸರ್ಕಾರಕ್ಕೇ ಚೆನ್ನಾಗಿ ತಿಳಿದಿರುತ್ತದೆಂಬುದು ನಾಗರಿಕ ಜೀವನದ ಗಂಭೀರ ಸತ್ಯಗಳಲ್ಲೊಂದು. ಈ ಸತ್ಯ ನನಗೆ ಮುಳುವಾದದ್ದು ನ್ಯೂಯಾರ್ಕಿಗೆ ಹತ್ತಿರದ ಎಡಿಸನ್ ಎಂಬ ಊರಿನ ನಮ್ಮ ಅಡಿಗೆಮನೆಯಲ್ಲಿ, ಸ್ಟೂಲಿನ ಮೇಲೆ ನಿಂತು ಟವೆಲ್ ಬೀಸುತ್ತಿದ್ದಾಗ.

ಟವೆಲಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಈ ದೇಶದಲ್ಲಿ ಮನೆ ಕಟ್ಟುವವರಿಗೆ ಒಗ್ಗರಣೆಯೆಂಬ ಸಂಸ್ಕಾರದ ಕಲ್ಪನೆಯೇ ಇಲ್ಲ. ನಮ್ಮ ಒಲೆಯ ಮೇಲಿನ ಫ್ಯಾನು ಹೊಗೆಯನ್ನೆಲ್ಲ ಒಳಗೆಳೆದುಕೊಂಡು, ಕ್ಷಣಕಾಲ ಚಿಂತನೆ ನಡೆಸಿ, ವಿನಯಪೂರ್ವಕವಾಗಿ ಅಡಿಗೆಮನೆಗೇ ಹಿಂದಿರುಗಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದೊಡನೆ ಸ್ಮೋಕ್ ಅಲಾರಂ ಊರಿಗೇ ಬೆಂಕಿ ಬಿದ್ದಂತೆ ಅರಚುತ್ತದೆ. ನಾನು ಸ್ಟೂಲು ಹತ್ತಿ ಅದಕ್ಕೆ ಟವೆಲಿನಿಂದ ಚಾಮರಸೇವೆ ಸಲ್ಲಿಸುತ್ತೇನೆ. ಗೋಡೆ ಕೊರೆಸಿ, ಹೊಗೆ ಹೊರಗೆ ಹೋಗುವಂತೆ ಎಕ್ಸಾಸ್ಟ್ ಹಾಕಿಸಿ ಎಂದು ನನ್ನ ಹೆಂಡತಿ ಶಾರದೆ ಕೇಳುತ್ತಲೇ ಬಂದಿದ್ದಳು, ಕೆಮ್ಮುತ್ತಲೇ. “ಮುಂದಿನ ಸ್ಪ್ರಿಂಗಿಗೆ ನೋಡೋಣ” ಎಂಬ ನನ್ನ ಉತ್ತರ ಎಷ್ಟೋ ವಸಂತಗಳನ್ನು ಕಂಡಿತ್ತು.

ನಿವೃತ್ತನಾದ ಮೇಲೆ ಕೆಲವರು ಗಾಲ್ಫ್ ಹಿಡಿಯುತ್ತಾರೆ. ನಾನು ರಾಷ್ಟ್ರದ ಅಂಕಿ-ಅಂಶಗಳನ್ನು ಹಿಡಿದೆ. ಕುಟುಂಬದ ವರಮಾನ ಕೇಳಲು ಬರುವ ಸಮೀಕ್ಷೆಯವರು ಒಂದೇ ಸೂರಿನಡಿಯ ಬಂಧುಗಳ ಕೈಗೆ ಬಂದ ಹಣವನ್ನು ಕೂಡಿಸಿಕೊಂಡು ಹೋಗುತ್ತಾರೆ. ಇದು ನಮ್ಮಂಥವರಿಗೂ ಅರ್ಥವಾಗುವಂಥದ್ದು. ಆದರೆ ರಾಷ್ಟ್ರದ ಲೆಕ್ಕ ಬರೆಯುವ ಪಂಡಿತರ ‘ವೈಯಕ್ತಿಕ ವರಮಾನ’ದಲ್ಲಿ ಕೈಗೆ ಬಾರದ ಹಣವೂ ಇರುತ್ತದೆ. ಸ್ವಂತ ಮನೆಯಲ್ಲಿರುವವನು ಆ ಮನೆಯನ್ನು ತನಗೆ ತಾನೇ ಬಾಡಿಗೆಗೆ ಕೊಟ್ಟಿದ್ದಾನೆಂದು ಭಾವಿಸಿ, ರಿಪೇರಿ ಮುಂತಾದ ಖರ್ಚು ಕಳೆದು, ಉಳಿದ ಬಾಡಿಗೆಯನ್ನು ಅವನ ವರಮಾನಕ್ಕೆ ಸೇರಿಸುತ್ತಾರೆ! ವಂಶಪಾರಂಪರ್ಯವಾಗಿ ಅದ್ವೈತಿಯಾಗಿದ್ದ ನನ್ನನ್ನು ಸರ್ಕಾರ ಸದ್ದಿಲ್ಲದೆ ದ್ವೈತಕ್ಕೆ ಸೇರಿಸಿಬಿಟ್ಟಿತ್ತು.

ಇಂಥ ಜ್ಞಾನವನ್ನು ಸುಮ್ಮನೆ ಇಟ್ಟುಕೊಳ್ಳಲಾದೀತೆ? ಅಂದು ಸ್ಟೂಲಿನ ಮೇಲಿಂದಲೇ ಘೋಷಿಸಿದೆ: “ಎಕ್ಸಾಸ್ಟ್‌ಗೆ ಖರ್ಚು ಮಾಡಿದರೆ ಬಾಡಿಗೆಯ ವರಮಾನ ಇಳಿಯತ್ತೆ ಕಣೇ. ದೇಶದ ಲೆಕ್ಕಕ್ಕೇ ಪೆಟ್ಟು.”

ಶಾರದೆ ಸೌಟು ಕೆಳಗಿಟ್ಟಳು. “ಹೌದೇನ್ರೀ? ನಾನು ಮಾಡೋ ಅಡಿಗೆ ಯಾವ ಲೆಕ್ಕದಲ್ಲಿದೆ?”

ವಿದ್ವತ್ತಿನ ಪ್ರಾಮಾಣಿಕತೆ ಎಂಥ ಅಪಾಯಕಾರಿಯೆಂದು ಆಗ ನನಗೆ ತಿಳಿದಿರಲಿಲ್ಲ. “ಯಾವುದರಲ್ಲೂ ಇಲ್ಲ. ಅಡಿಗೆಯವರನ್ನಿಟ್ಟು ಸಂಬಳ ಕೊಟ್ಟಿದ್ದರೆ ಅವರ ವರಮಾನ ಅಂತ ಇರ್ತಿತ್ತು” ಎಂದೆ.

ಇಲ್ಲೇ ಹುಟ್ಟಿ ಬೆಳೆದ ಮಗಳು ಮೇಘಾ ನ್ಯೂಯಾರ್ಕಿನ ಆಫೀಸಿನಿಂದ ಆಗತಾನೆ ಬಂದು ಬ್ಯಾಗು ಇಳಿಸುತ್ತಿದ್ದಳು. “ಅಪ್ಪ, ದೆನ್ ಯು ಆರ್ ಎ ಟೆರಿಬಲ್ ಲ್ಯಾಂಡ್‌ಲಾರ್ಡ್. ಅಮ್ಮ, ಜಸ್ಟ್ ಸ್ಟಾಪ್ ಪೇಯಿಂಗ್ ರೆಂಟ್!”

“ಅದು ಇವರ ಬಲಗಡೆ ಜೇಬಿಂದ ಎಡಗಡೆ ಜೇಬಿಗೆ ಹೋಗೋದು ಪುಟ್ಟಿ, ಅದನ್ನ ನಾನು ಹ್ಯಾಗೆ ನಿಲ್ಲಿಸಲಿ?” ಎಂದ ಶಾರದೆ ಒಲೆ ಆರಿಸಿದಳು. “ಲೆಕ್ಕದಲ್ಲಿಲ್ಲದ್ದನ್ನ ನಿಲ್ಲಿಸ್ತೀನಿ. ಎಕ್ಸಾಸ್ಟ್ ಬರೋವರೆಗೂ ಈ ಮನೇಲಿ ಒಗ್ಗರಣೆ ಇಲ್ಲ.”

ಒಗ್ಗರಣೆಯಿಲ್ಲದ ಸಾರನ್ನು ನೀವು ಉಂಡಿದ್ದೀರೋ ಇಲ್ಲವೋ ತಿಳಿಯದು. ಅದರಲ್ಲಿ ಬೇಳೆಯಿತ್ತು, ಹುಳಿಯಿತ್ತು, ಉಪ್ಪೂ ಇತ್ತು. ಪರಸ್ಪರ ಪರಿಚಯ ಮಾತ್ರ ಇರಲಿಲ್ಲ. ಕೋಸಂಬರಿ ಬರಿಯ ನೆನೆಸಿದ ಬೇಳೆಯಾಯಿತು. ಚಿತ್ರಾನ್ನ ಹಳದಿ ಅನ್ನವೆಂಬ ಪದವಿಗಿಳಿಯಿತು. ಗೊಣಗಿದರೆ ಶಾರದೆಯದು ಒಂದೇ ಮಾತು: “ಓನರ್ ಹತ್ರ ಹೇಳಿಕೊಳ್ಳಿ.”

ಹೇಳಿಕೊಂಡೆ. ಸಪ್ಪೆ ಸಾರಿನ ಬಟ್ಟಲನ್ನು ಮುಂದಿಟ್ಟುಕೊಂಡು, ಬಾಡಿಗೆದಾರನಾದ ನಾನು ಮಾಲೀಕನಾದ ನನ್ನಲ್ಲಿ ಮನಸ್ಸಿನಲ್ಲೇ ದೂರು ಸಲ್ಲಿಸಿದೆ. ಮಾಲೀಕ ಗಂಟಲು ಸರಿಪಡಿಸಿಕೊಂಡು, “ಮುಂದಿನ ಸ್ಪ್ರಿಂಗಿಗೆ ನೋಡೋಣ” ಎಂದ. ಆ ಉತ್ತರವನ್ನು ಕೇಳಿಸಿಕೊಳ್ಳುವ ಕಡೆ ನಾನಿದ್ದದ್ದು ಅದೇ ಮೊದಲು. ಅದು ಅಷ್ಟೇನೂ ಸಭ್ಯವಾದ ಉತ್ತರವಲ್ಲ.

ಗುರುವಾರ ಕಾಂಟ್ರ್ಯಾಕ್ಟರ್ ಬಂದು ಗೋಡೆ ಕೊರೆದ. ರಾಷ್ಟ್ರದ ಲೆಕ್ಕದಲ್ಲಿ ನನ್ನ ವರಮಾನ ಅಷ್ಟರಮಟ್ಟಿಗೆ ಕುಗ್ಗಿರಬೇಕು. ಶಾರದೆಯ ಸಾರು ಅಲ್ಲಿ ಈಗಲೂ ಇಲ್ಲ, ನಮ್ಮ ಬಟ್ಟಲಿನಲ್ಲಿದೆ. ಅಂದು ಸಂಜೆ ಮೆಣಸಿನಕಾಯಿ ಎಣ್ಣೆಗೆ ಬಿದ್ದಾಗ ಅಭ್ಯಾಸಬಲದಿಂದ ಟವೆಲ್ ಹಿಡಿದು ಸ್ಟೂಲು ಹತ್ತಿ ನಿಂತೆ.

ಅಲಾರಂ ಕೂಗಲಿಲ್ಲ. ಶಾರದೆ ಕೆಮ್ಮಲಿಲ್ಲ.